ಸ್ಪಿಟ್‌ಫೈರ್‌ನ ಮುಂದಿನ ಸಸ್ಪೆನ್ಷನ್: ಬಿಚ್ಚುವುದು, ಪರೀಕ್ಷಿಸುವುದು, ಮತ್ತೆ ಕಟ್ಟುವುದು

ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹಳೇ ಇಂಗ್ಲಿಷ್ ಕಾರು ಕೊಂಡವರಿಗೆ ಹಳೇ ಗಾಡಿಯವರು ಮೊದಲು ಹೇಳುವ ಮಾತು, "ಮುಂದಿನ ಚಕ್ರ ಮಡಚಿಕೊಳ್ಳುತ್ತೆ ಕಣ್ರೀ, ಹುಷಾರು." ಮಾತು ನಿಜವೇ. ಮುಂದಿನ ಚಕ್ರವನ್ನು ಹೊತ್ತಿರುವ ಉಕ್ಕಿನ ಕಂಬದ ಬುಡ ಒಂದು ಹಿತ್ತಾಳೆಯ ತುಂಡಿನೊಳಗೆ ಬರೀ ಥ್ರೆಡ್ ಮೇಲೆ ನಿಂತಿದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಥ್ರೆಡ್‌ನಲ್ಲೇ ತಿರುಗುತ್ತದೆ. ಅಲ್ಲಿಗೆ ಬೇಕಾದದ್ದು ಗೇರ್ ಎಣ್ಣೆ. ಆದರೆ ಗ್ರೀಸ್ ಗನ್ ಹಿಡಿದವರೆಲ್ಲ ಅಲ್ಲಿಗೂ ಎರಡು ಸಲ ಒತ್ತಿಬಿಡುತ್ತಾರೆ. ಗ್ರೀಸ್ ಥ್ರೆಡ್‌ನ ಮೇಲ್ತುದಿವರೆಗೂ ಹರಿಯುವುದಿಲ್ಲ, ಕೆಳಗೇ ಗಟ್ಟಿಯಾಗಿ ಕೂರುತ್ತದೆ. ಮೇಲಿನಿಂದ ಇಳಿದ ಮಳೆನೀರು ಅಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಕೊನೆಗೆ ಯಾವುದೋ ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ ಕಂಬ ತುಂಡಾಗಿ ಚಕ್ರ ಮಡ್‌ಗಾರ್ಡ್‌ನೊಳಗೆ ಮಲಗುತ್ತದೆ.

ಆ ಕಂಬಕ್ಕೆ ವರ್ಟಿಕಲ್ ಲಿಂಕ್ ಎಂದೂ ಹಿತ್ತಾಳೆಯ ತುಂಡಿಗೆ ಟ್ರನಿಯನ್ ಎಂದೂ ಹೆಸರು. ಬುಷ್ (ಜಾಯಿಂಟಿನೊಳಗೆ ಕೂರುವ ರಬ್ಬರ್ ಅಥವಾ ನೈಲಾನ್ ಕೊಳವೆ), ಬೇರಿಂಗ್, ಸ್ಪ್ರಿಂಗ್ ಎಲ್ಲದರ ಕೆಲಸವೂ ಮುಂದೆ ಬರುತ್ತದೆ. ಆದರೆ ಇವೆರಡರ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಿಕ್ಕ ಯಾವುದೇ ಭಾಗ ಸವೆದರೆ ಸದ್ದು ಬರುತ್ತದೆ, ಇದು ಮುರಿಯುವ ತನಕ ಸದ್ದು ಮಾಡುವುದಿಲ್ಲ.

ಭಾಗಗಳ ಮಾತು

ಸ್ಪಿಟ್‌ಫೈರ್ 1962ರಲ್ಲಿ ಬಂತು, 1980ರವರೆಗೆ ತಯಾರಾಯಿತು. ಅದರ ಮುಂಭಾಗ 1959ರ ಹೆರಾಲ್ಡ್ ಕಾರಿನಿಂದ ಬಂದದ್ದು. ನಮ್ಮ ಅದೃಷ್ಟಕ್ಕೆ ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು, 1970ರ ದಶಕದಲ್ಲಿ ಗೆಜೆಲ್ ಆಯಿತು. ಬೆಂಗಳೂರಿನ ಜೆಸಿ ರಸ್ತೆಯ ಹಳೇ ಸ್ಪೇರ್ಸ್ ಅಂಗಡಿಗಳಲ್ಲಿ ಸ್ಪಿಟ್‌ಫೈರ್ ಎಂದರೆ ಹುಡುಗರು ತಲೆ ಅಲ್ಲಾಡಿಸುತ್ತಾರೆ. "ಸ್ಟ್ಯಾಂಡರ್ಡ್ ಹೆರಾಲ್ಡ್‌ದು ಬಾಟಮ್ ಟ್ರನಿಯನ್ ಇದ್ಯಾ ಸಾರ್" ಎಂದು ಕೇಳಿ. ಗಲ್ಲಾದಲ್ಲಿ ಕೂತ ಹಿರಿಯರು ಎದ್ದು ಅಟ್ಟದ ಮೇಲಿನ ಡಬ್ಬ ತಡಕುವ ಸಾಧ್ಯತೆ ಇದೆ. ಸಿಕ್ಕಿತೆಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಮದರಾಸಿನ ಹೆರಾಲ್ಡ್‌ಗೆ ಮುಂದೆ ಡ್ರಮ್ ಬ್ರೇಕ್, ಸ್ಪಿಟ್‌ಫೈರ್‌ಗೆ ಮೊದಲಿನಿಂದಲೂ ಡಿಸ್ಕ್. ಸ್ಪ್ರಿಂಗ್ ಬೇರೆ. ಬುಷ್, ಟ್ರನಿಯನ್‌ಗಳಂಥವನ್ನು ಹಳೆಯದರ ಪಕ್ಕ ಇಟ್ಟು ಅಳೆದೇ ತನ್ನಿ. ಉಳಿದದ್ದು ಇಂಗ್ಲೆಂಡಿನಿಂದ ತರಿಸಬೇಕು. ಕಸ್ಟಮ್ಸ್ ಸುಂಕ, ಕೊರಿಯರ್ ಸೇರಿದರೆ ಬೆಲೆ ಎಲ್ಲೋ ಹೋಗುತ್ತದೆ, ಆದ್ದರಿಂದ ಗಾಡಿ ಬಿಚ್ಚಿ ನೋಡಿದ ಮೇಲೆ ಒಂದೇ ಪಟ್ಟಿ ಮಾಡಿ ಒಟ್ಟಿಗೆ ತರಿಸಿ.

ನಟ್ಟು ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ "ಹತ್ತಿರ ಹತ್ತಿರ" ಕೂರುತ್ತದೆ, ಆಮೇಲೆ ನಟ್ಟಿನ ಮೂಲೆ ತಿಂದುಹಾಕುತ್ತದೆ. ಎಸ್‌ಜೆಪಿ ರಸ್ತೆಯಲ್ಲಿ 7/16ರಿಂದ 3/4 ಇಂಚಿನವರೆಗಿನ ರಿಂಗ್ ಸ್ಪ್ಯಾನರ್ ಸೆಟ್ ಸಿಗುತ್ತದೆ. ಜೊತೆಗೆ ಬಾಲ್ ಜಾಯಿಂಟ್ ಬಿಡಿಸುವ ಪುಲ್ಲರ್, ಟಾರ್ಕ್ ರೆಂಚ್, ಗಟ್ಟಿ ವೈಸ್, ಎರಡು ಆಕ್ಸಲ್ ಸ್ಟ್ಯಾಂಡ್ ಬೇಕು. ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್ ಇಲ್ಲದೆ ಶುರು ಮಾಡಬೇಡಿ. ಯಾವ ಬೋಲ್ಟಿಗೆ ಎಷ್ಟು ಟಾರ್ಕ್, ಅಂದರೆ ಎಷ್ಟು ಬಿಗಿ, ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸವಾಗುತ್ತದೆ.

ಜಾಗದ ವಿಚಾರ. ಅಪಾರ್ಟ್‌ಮೆಂಟ್ ಅಂಗಳದ ಇಂಟರ್‌ಲಾಕ್ ಟೈಲ್ಸ್ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟರೆ ಒಂದು ಕಾಲು ನಿಧಾನಕ್ಕೆ ಕುಸಿಯುತ್ತದೆ. ದಪ್ಪ ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ನಿಲ್ಲಿಸಿ. ಬೇಸ್‌ಮೆಂಟ್ ಆದರೆ ರಟ್ಟು ಹಾಸಿ, ಎಣ್ಣೆ ಕಲೆಗೆ ಅಸೋಸಿಯೇಷನ್‌ನವರ ಬಾಯಿಗೆ ಸಿಗುವುದು ತಪ್ಪುತ್ತದೆ.

ಬಿಚ್ಚುವ ಮೊದಲು

ಚಕ್ರ ನೆಲ ಬಿಟ್ಟ ಮೇಲೆ ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗ್‌ನದು. ಹಾಗೇ ಉಳಿದರೆ ಟ್ರನಿಯನ್ ಅಥವಾ ಮೇಲಿನ ಬಾಲ್ ಜಾಯಿಂಟ್. ಯಾವುದು ಎಂದು ತಿಳಿಯಲು ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಆ ಜಾಯಿಂಟ್ ಮೇಲೆ ಬೆರಳಿಟ್ಟರೆ ಸಾಕು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಬರುವ ಪ್ಲೇ ಟೈ ರಾಡ್ ಎಂಡ್ (ಸ್ಟಿಯರಿಂಗ್‌ನಿಂದ ಮುಂದಿನ ಚಕ್ರಕ್ಕೆ ಬರುವ ಸರಳಿನ ತುದಿ) ಅಥವಾ ಸ್ಟಿಯರಿಂಗ್ ರ‍್ಯಾಕ್‌ನದು.

ಸ್ಟಿಯರಿಂಗ್ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ನೋಡಿ. ಬಿಗಿ ಅನಿಸಿದರೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರದಿದ್ದರೆ, ಟ್ರನಿಯನ್ ಒಣಗಿದೆ ಎಂದೇ ಲೆಕ್ಕ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ. ಎರಡೂ ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಎಡಗಡೆ ಪೂರ್ತಿ ಮುಗಿಯುವ ತನಕ ಬಲಗಡೆ ಮುಟ್ಟದಿದ್ದರೆ ಇನ್ನೂ ಒಳ್ಳೆಯದು, ಅನುಮಾನ ಬಂದಾಗ ನೋಡಲು ಒಂದು ಮಾದರಿ ಕಣ್ಣೆದುರೇ ಇರುತ್ತದೆ.

ಬಿಚ್ಚುವ ಕ್ರಮ

ಈ ಗಾಡಿಯಲ್ಲಿ ಕೆಲಸ ಮಾಡುವುದೇ ಒಂದು ಸುಖ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಎದ್ದು ನಿಲ್ಲುತ್ತದೆ. ಎಂಜಿನ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರಬಹುದು. ಹಿಂದಿನ ದಿನವೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರ್‌ನ ಎರಡು ಬೋಲ್ಟ್ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಹೋಸ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಚಕ್ರ ಕೂರುವ ಹಬ್‌ನ ಮುಚ್ಚಳ, ಸ್ಪ್ಲಿಟ್ ಪಿನ್, ನಟ್ಟು, ವಾಷರ್ ತೆಗೆದರೆ ಹಬ್ ಡಿಸ್ಕ್ ಸಮೇತ ಕೈಗೆ ಬರುತ್ತದೆ. ಟೈ ರಾಡ್ ಎಂಡನ್ನು ಪುಲ್ಲರ್ ಹಾಕಿ ಬಿಡಿಸಿ. ಆ್ಯಂಟಿ ರೋಲ್ ಬಾರ್‌ನ ಲಿಂಕ್ ಕಳಚಿ.

ಈಗ ಸ್ಪ್ರಿಂಗ್. ಇಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆ, ಒಂದರೊಳಗೊಂದು. ಕೆಳಗಿನ ಆರ್ಮ್‌ಗೆ, ಅಂದರೆ ಕಂಬದ ಬುಡವನ್ನು ಚಾಸಿಸ್‌ಗೆ ಸೇರಿಸುವ ತೋಳಿಗೆ, ಜಾಕ್ ಆನಿಸಿಡಿ. ಮೇಲುಗಡೆ ಬಟ್ಟಲಿನ ಸುತ್ತ ಮೂರು ಸಣ್ಣ ನಟ್ಟುಗಳಿವೆ, ನಡುವೆ ಒಂದು ದೊಡ್ಡದಿದೆ. ಬಿಚ್ಚಬೇಕಾದದ್ದು ಆ ಮೂರನ್ನು ಮತ್ತು ಕೆಳಗಿನ ಬೋಲ್ಟನ್ನು. ನಡುವಿನದನ್ನು ಮುಟ್ಟಬೇಡಿ. ಒತ್ತಿ ಹಿಡಿದ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ. ಅದನ್ನು ಗಾಡಿಯ ಮೇಲೇ ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೆ ಬರುತ್ತದೆ. ಪೂರ್ತಿ ಜೋಡಣೆಯನ್ನು ಹೊರಗೆ ತಂದು ಕಂಪ್ರೆಸರ್ ಹಾಕಿ ಬಿಗಿದ ಮೇಲೆಯೇ ನಡುವಿನ ನಟ್ಟು. ಗ್ಯಾರೇಜುಗಳಲ್ಲಿರುವ ಕಂಪ್ರೆಸರ್ ಮಾರುತಿಯಂಥ ಗಾಡಿಗಳ ಅಗಲ ಸ್ಪ್ರಿಂಗಿಗೆ ಮಾಡಿದ್ದು. ಈ ಕಿರಿದಾದ ಸ್ಪ್ರಿಂಗಿನ ಮೇಲೆ ಅದರ ಕೊಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಮೊದಲು ನೋಡಿ. ಜಾರುವಂತಿದ್ದರೆ ಬೇರೆಯದನ್ನು ಹುಡುಕಿ.

ಮೇಲಿನ ಆರ್ಮ್ ಎರಡು ತುಂಡಿನದು, ಬಾಲ್ ಜಾಯಿಂಟ್ ಅವುಗಳ ನಡುವೆ. ಅದು ಸುಲಭ. ಕಾಟ ಕೊಡುವುದು ಕೆಳಗೆ, ಟ್ರನಿಯನ್ ಮೂಲಕ ಹಾದುಹೋಗುವ ಉದ್ದ ಬೋಲ್ಟ್. ಅದು ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಸುತ್ತಿಗೆ ಹೊಡೆದಷ್ಟೂ ಆರ್ಮ್‌ನ ಕಿವಿ ಬಾಗುತ್ತದೆ. ಹೊಸ ಬೋಲ್ಟ್ ಹೇಗೂ ಹಾಕುತ್ತೀರಿ. ಆರ್ಮ್ ಮತ್ತು ಟ್ರನಿಯನ್ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಎರಡೂ ಕಡೆ ಕೊಯ್ದುಬಿಡಿ. ಗ್ರೈಂಡರ್ ವೇಗವಾಗಿ ಮುಗಿಸುತ್ತದೆ, ಆರ್ಮ್‌ಗೂ ಗೀರು ಹಾಕುತ್ತದೆ. ಸಮಯ ಹೋದರೂ ಹ್ಯಾಕ್ಸಾವೇ ಸರಿ.

ಕೆಳಗಿನ ಆರ್ಮ್ ಚಾಸಿಸ್‌ಗೆ ಕೂರುವಲ್ಲಿ ಎರಡು ಬ್ರಾಕೆಟ್, ಅವುಗಳ ಹಿಂದೆ ಶಿಮ್‌ಗಳು, ಅಂದರೆ ಅಂತರ ತುಂಬುವ ತೆಳ್ಳನೆಯ ತಗಡುಗಳು. ಚಕ್ರದ ವಾಲು, ಅಂದರೆ ಎದುರಿನಿಂದ ನೋಡಿದಾಗ ಅದು ಒಳಕ್ಕೋ ಹೊರಕ್ಕೋ ಒರಗಿರುವುದು, ನಿರ್ಧಾರವಾಗುವುದು ಇವುಗಳಿಂದ. ಮುಂದಿನ ಬ್ರಾಕೆಟ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಬರೆದು, ಆಯಾ ಬ್ರಾಕೆಟ್‌ಗೇ ತಂತಿಯಲ್ಲಿ ಪೋಣಿಸಿ ಕಟ್ಟಿಡಿ.

ಕಂಬ ಮತ್ತು ಹಿತ್ತಾಳೆ

ಟ್ರನಿಯನ್ ಅನ್ನು ವರ್ಟಿಕಲ್ ಲಿಂಕ್‌ನಿಂದ ತಿರುಗಿಸಿ ತೆಗೆಯಿರಿ. ಎಡಗಡೆಯದಕ್ಕೆ ಎಡ ಥ್ರೆಡ್, ಬಲಗಡೆಯದಕ್ಕೆ ಬಲ ಥ್ರೆಡ್. ಬರುತ್ತಿಲ್ಲವೆಂದು ಶಕ್ತಿ ಹಾಕುವ ಮುನ್ನ ತಿರುಗಿಸುತ್ತಿರುವ ದಿಕ್ಕು ನೋಡಿಕೊಳ್ಳಿ. ಡೀಸೆಲ್‌ನಲ್ಲಿ ನೆನೆಸಿ, ಮೆತ್ತನೆಯ ತಂತಿ ಬ್ರಷ್‌ನಿಂದ ಥ್ರೆಡ್ ಪೂರ್ತಿ ಬೆಳ್ಳಗಾಗುವಂತೆ ತಿಕ್ಕಿ.

ಮೊದಲು ನೋಡಬೇಕಾದದ್ದು ಥ್ರೆಡ್‌ನ ಮೇಲ್ತುದಿ, ಕಂಬ ಹಿತ್ತಾಳೆಯೊಳಗೆ ಇಳಿಯುವ ಜಾಗ. ಅಲ್ಲೊಂದು ರಬ್ಬರ್ ಸೀಲ್ ಇರುತ್ತದೆ, ಅದು ಹರಿದಾಗ ನೀರು ನಿಲ್ಲುವುದೂ ಅಲ್ಲೇ, ಕಂಬ ಮುರಿಯುವುದೂ ಅಲ್ಲೇ. ಉಗುರಿಗೆ ಸಿಗುವಷ್ಟು ಗುಳಿಗಳಿದ್ದರೆ ಆ ಲಿಂಕ್ ಮುಗಿಯಿತು. "ಇನ್ನೊಂದು ವರ್ಷ ಓಡುತ್ತೆ ಬಿಡಿ ಸಾರ್" ಎನ್ನುವವರ ಮಾತು ಕೇಳಬೇಡಿ.

ಕಣ್ಣಿಗೆ ಚೆನ್ನಾಗಿ ಕಂಡರೂ ಬಿರುಕಿನ ಪರೀಕ್ಷೆ ಮಾಡಲೇಬೇಕು. ಪೀಣ್ಯದಲ್ಲಿ ಉಕ್ಕಿನ ಭಾಗಗಳಿಗೆ ಮ್ಯಾಗ್ನೆಟಿಕ್ ಪರೀಕ್ಷೆ ಮಾಡುವವರಿದ್ದಾರೆ, ಕೊಟ್ಟರೆ ನಿಶ್ಚಿಂತೆ. ಮನೆಯಲ್ಲೇ ಮಾಡುವುದಾದರೆ ಡೈ ಪೆನಿಟ್ರಂಟ್ ಸ್ಪ್ರೇ ಸೆಟ್ ತನ್ನಿ, ಮೂರು ಡಬ್ಬಿ ಇರುತ್ತವೆ. ಮೊದಲನೆಯದರಿಂದ ತೊಳೆದು ಒಣಗಿಸಿ. ಕೆಂಪು ಬಣ್ಣ ಹೊಡೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಮೇಲಿನ ಕೆಂಪನ್ನು ಒರೆಸಿ, ಕ್ಲೀನರನ್ನು ನೇರವಾಗಿ ಭಾಗದ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಆಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿ ಅಗಲವಾಗುತ್ತ ಹೋಗುತ್ತದೆ. ಥ್ರೆಡ್‌ನ ತಳದಲ್ಲಿ ಒರೆಸಲಾಗದೆ ಉಳಿದ ಬಣ್ಣವೂ ಗೆರೆಯಂತೆ ಕಾಣುತ್ತದೆ. ಅದು ಎಲ್ಲ ಸುತ್ತಿನಲ್ಲೂ ಒಂದೇ ಸಮ ಇರುತ್ತದೆ, ಬಿರುಕು ಒಂದೇ ಕಡೆ ಗಾಢವಾಗಿರುತ್ತದೆ. ಇದೇ ಪರೀಕ್ಷೆಯನ್ನು ಹಬ್ ಕೂರುವ ಸ್ಟಬ್ ಆಕ್ಸಲ್‌ನ ಬುಡಕ್ಕೂ ಮಾಡಿ.

ಹೊಸ ಟ್ರನಿಯನ್ ಕೊಂಡರೂ ಅದರ ತಳ ನೋಡಿ. ಕೆಳಗೊಂದು ಬಿಲ್ಲೆ ಕೂರಿಸಿ ಎಣ್ಣೆಯ ಗುಂಡಿ ಮುಚ್ಚಿರುತ್ತಾರೆ. ಈಗ ಬರುವ ಕೆಲವಲ್ಲಿ ಅದು ಸೋರುತ್ತದೆ. ಎಣ್ಣೆ ತುಂಬಿ ರಾತ್ರಿಯಿಡೀ ಪೇಪರ್ ಮೇಲೆ ನಿಲ್ಲಿಸಿ. ಬೆಳಿಗ್ಗೆ ಪೇಪರಿನಲ್ಲಿ ವೃತ್ತ ಕಂಡರೆ ಹಿಂತಿರುಗಿಸಿ, ಇಲ್ಲವೇ ಬಿಲ್ಲೆಯ ಸುತ್ತ ಬೆಸುಗೆ ಹಾಕಿಸಿ. ಹಳೆಯ ಕಂಬದ ಮೇಲೆ ಹೊಸ ಟ್ರನಿಯನ್ ಹಾಕಿ ಅಡ್ಡ ಅಲ್ಲಾಡಿಸಿದಾಗ ಇನ್ನೂ ಎದ್ದುಕಾಣುವ ಪ್ಲೇ ಇದ್ದರೆ ಸವೆದದ್ದು ಕಂಬ.

ಲೇತ್‌ಗೆ ಯಾವುದು, ಯಾವುದಲ್ಲ

ಬೆಂಗಳೂರಿನ ದೊಡ್ಡ ಅನುಕೂಲವೆಂದರೆ ಪೀಣ್ಯ, ರಾಜಾಜಿನಗರದ ಲೇತ್‌ಗಳು. ಮಾದರಿ ಕೊಟ್ಟರೆ ಏನನ್ನಾದರೂ ಮಾಡಿಕೊಡುತ್ತಾರೆ. ತೊಂದರೆಯೂ ಅದೇ. ಟ್ರನಿಯನ್ ಬುಷ್‌ನೊಳಗಿನ ಉಕ್ಕಿನ ಕೊಳವೆ, ಶಿಮ್, ಬುಷ್ ಒತ್ತುವ ಸಲಕರಣೆ, ವಾಷರ್, ಇವನ್ನೆಲ್ಲ ಧಾರಾಳವಾಗಿ ಮಾಡಿಸಿ. ವರ್ಟಿಕಲ್ ಲಿಂಕ್‌ನ ಥ್ರೆಡ್‌ಗೆ ವೆಲ್ಡಿಂಗ್ ತುಂಬಿ ಮತ್ತೆ ಕತ್ತರಿಸುವುದನ್ನು ಮಾತ್ರ ಯಾರು ಎಷ್ಟು ಭರವಸೆ ಕೊಟ್ಟರೂ ಒಪ್ಪಬೇಡಿ. ಅದು ಫೋರ್ಜ್ ಮಾಡಿದ ಉಕ್ಕು. ವೆಲ್ಡಿಂಗ್‌ನ ಕಾವಿಗೆ ಪಕ್ಕದ ಲೋಹದ ಗುಣ ಕೆಟ್ಟು, ಮುಂದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಸ್ಟಬ್ ಆಕ್ಸಲ್‌ಗೂ ಇದೇ ಮಾತು. ಇವೆರಡನ್ನು ಹೊಸದೇ ತರಿಸಿ.

ಆರ್ಮ್‌ಗಳು ಬಾಗಿವೆಯೇ ಎಂದು ನೋಡಲು ಸರ್ಫೇಸ್ ಪ್ಲೇಟ್ ಬೇಕಿಲ್ಲ, ಅಡುಗೆಮನೆಗೆ ಹಾಕಿ ಮಿಕ್ಕ ಪಾಲಿಶ್ ಗ್ರಾನೈಟ್ ತುಂಡು ಸಾಕು. ಎಡ ಬಲ ಎರಡನ್ನೂ ಅದರ ಮೇಲಿಟ್ಟು ಹೋಲಿಸಿ. ಬಣ್ಣದ ವಿಷಯದಲ್ಲಿ ನನ್ನ ಒಲವು ಎಪಾಕ್ಸಿ ಪ್ರೈಮರ್, ಅದರ ಮೇಲೆ ಕಪ್ಪು ಬಣ್ಣ. ಪೌಡರ್ ಕೋಟಿಂಗ್ ನೋಡಲು ಚೆನ್ನ, ಆದರೆ ಕಲ್ಲೇಟಿಗೆ ಒಂದು ಚಕ್ಕೆ ಎದ್ದರೆ ನೀರು ಅದರಡಿ ಹರಡಿಕೊಂಡು ಹೋಗುವುದು ಹೊರಗೆ ಕಾಣುವುದೇ ಇಲ್ಲ. ಮಾಡಿಸುವುದೇ ಆದರೆ ಬುಷ್ ಕೂರುವ ರಂಧ್ರ, ಬ್ರಾಕೆಟ್ ಚಾಸಿಸ್‌ಗೆ ತಾಗುವ ಮುಖಗಳಿಗೆ ಟೇಪ್ ಹಚ್ಚಿ ಕೊಡಿ.

ಬುಷ್‌ಗಳು ರಬ್ಬರಿನವೇ ಇರಲಿ. ಪಾಲಿಯುರೆಥೇನ್ ಹಾಕಿದರೆ ಸ್ಟಿಯರಿಂಗ್ ಚುರುಕಾಗುವುದು ಹೌದು. ನಮ್ಮ ಹಂಪುಗಳ ಮೇಲೆ ಅದೇ ಚುರುಕು ಬೆನ್ನಿಗೂ ತಟ್ಟುತ್ತದೆ, ಗ್ರೀಸ್ ಒಣಗಿದ ಮೇಲೆ ಹಳೇ ಬಾಗಿಲಿನಂತೆ ಕಿರ್ರೆನ್ನುತ್ತದೆ. ರಬ್ಬರ್ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ, ದಶಕಗಟ್ಟಲೆ ಡಬ್ಬದಲ್ಲಿದ್ದ ಮಾಲು ಹೊಸದಾದರೂ ಸತ್ತಿರುತ್ತದೆ. ಕೂರಿಸಲು ವೈಸ್, ಸಣ್ಣ ಸಾಕೆಟ್ ಒಂದು ಕಡೆ, ದೊಡ್ಡ ಸಾಕೆಟ್ ಇನ್ನೊಂದು ಕಡೆ. ಜಾರಲು ಸೋಪಿನ ನೀರು ಹಾಕಿ, ಎಣ್ಣೆ ಗ್ರೀಸು ರಬ್ಬರಿಗೆ ಶತ್ರು.

ವೀಲ್ ಬೇರಿಂಗ್‌ಗಳ ಮೇಲಿನ ನಂಬರ್ ಓದಿಕೊಂಡು ಎಸ್‌ಜೆಪಿ ರಸ್ತೆಗೆ ಹೋದರೆ ಆಯಿತು, ಟೇಪರ್ ರೋಲರ್ ಬೇರಿಂಗ್ ಇಲ್ಲಿ ಸಿಗದ ವಸ್ತುವಲ್ಲ. ಒಳಗಿನದು, ಹೊರಗಿನ ಕಪ್ ಎರಡನ್ನೂ ಜೊತೆಯಾಗಿಯೇ ಬದಲಿಸಿ.

ಮತ್ತೆ ಕಟ್ಟುವುದು

ಕಂಬಕ್ಕೆ ಮೊದಲು ರಬ್ಬರ್ ಸೀಲ್ ತೊಡಿಸಿ. ಇದನ್ನು ಮರೆತು ಟ್ರನಿಯನ್ ಹಾಕಿದರೆ ಮತ್ತೆ ಬಿಚ್ಚಬೇಕು. ಟ್ರನಿಯನ್‌ಗೆ ಇಪಿ 90 ಗೇರ್ ಎಣ್ಣೆ ಹಾಕಿ, ಥ್ರೆಡ್‌ಗೂ ಸವರಿ, ತಳ ಮುಟ್ಟುವವರೆಗೆ ತಿರುಗಿಸಿ. ಆಮೇಲೆ ಅಲ್ಲಿಂದ ಹಿಂದಕ್ಕೆ ಬಿಚ್ಚುತ್ತ, ಆರ್ಮ್‌ಗೆ ಜೋಡಿಸಬಹುದಾದ ಮೊದಲ ಸ್ಥಾನಕ್ಕೆ ತಂದು ನಿಲ್ಲಿಸಿ. ತಳಕ್ಕೆ ಬಿಗಿದೇ ಬಿಟ್ಟರೆ ಒಂದು ಕಡೆ ಸ್ಟಿಯರಿಂಗ್ ಪೂರ್ತಿ ತಿರುಗುವ ಮೊದಲೇ ಥ್ರೆಡ್ ಮುಗಿದು ಕಂಬದ ಮೇಲೆ ಒತ್ತಡ ಬೀಳುತ್ತದೆ. ಸ್ಟಿಯರಿಂಗ್ ಜೋಡಿಸಿದ ಮೇಲೆ ಎರಡೂ ತುದಿಗೆ ತಿರುಗಿಸಿ ಇದನ್ನು ಖಚಿತ ಮಾಡಿಕೊಳ್ಳಿ.

ಟ್ರನಿಯನ್‌ನ ಅಡ್ಡ ರಂಧ್ರದಲ್ಲಿ ನೈಲಾನ್ ಬುಷ್, ಅದರೊಳಗೆ ಉಕ್ಕಿನ ಕೊಳವೆ. ಬೋಲ್ಟ್ ಬಿಗಿದಾಗ ಹಿಡಿತಕ್ಕೆ ಸಿಗಬೇಕಾದದ್ದು ಕೊಳವೆ. ಅದು ಬುಷ್‌ಗಳಿಗಿಂತ ಕೂದಲೆಳೆಯಷ್ಟಾದರೂ ಉದ್ದವಿರಬೇಕು. ಗಿಡ್ಡವಿದ್ದರೆ ನೈಲಾನ್ ಹಿಂಡಿ ಜಾಯಿಂಟ್ ಬಿಗಿಯಾಗುತ್ತದೆ. ಲೇತ್‌ನಲ್ಲಿ ಮಾಡಿಸಿದ ಕೊಳವೆಯಾದರೆ ವರ್ನಿಯರ್ ಹಿಡಿದು ನೋಡಿ. ಬೋಲ್ಟಿಗೆ ಕಾಪರ್ ಗ್ರೀಸ್ ಸವರಿ ಹಾಕಿ, ಮುಂದಿನ ಸಲ ಹ್ಯಾಕ್ಸಾ ಬೇಡವಾಗುತ್ತದೆ.

ಆರ್ಮ್‌ಗಳನ್ನು ಹಳೆಯ ಶಿಮ್‌ಗಳೊಂದಿಗೇ ಕೂರಿಸಿ, ಸ್ಪ್ರಿಂಗ್ ಜೋಡಣೆ ಇಡಿ, ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಸೇರಿಸಿ. ನೈಲಾಕ್ ನಟ್ಟುಗಳೆಲ್ಲ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವವು) ಹೊಸವೇ ಇರಲಿ. ಗಾಡಿಯ ತಳ ರಸ್ತೆಯ ಹಂಪಿಗೆ ತಾಗುತ್ತದೆಂದು ಸ್ಪ್ರಿಂಗ್ ಕೆಳಗೆ ದಪ್ಪ ಸ್ಪೇಸರ್ ಕೊಡಿ ಎಂದು ಹೇಳುವವರಿದ್ದಾರೆ. ಕೊಟ್ಟರೆ ಚಕ್ರದ ವಾಲು ಕೆಡುತ್ತದೆ, ಶಾಕ್ ಅಬ್ಸಾರ್ಬರ್ ಸದಾ ಹಿಗ್ಗಿದ ತುದಿಯಲ್ಲೇ ಕೆಲಸ ಮಾಡುತ್ತದೆ. ಹಂಪನ್ನು ಓರೆಯಾಗಿ ದಾಟುವುದೇ ವಾಸಿ.

ಹಬ್‌ಗೆ ಬೇರಿಂಗ್ ಗ್ರೀಸನ್ನು ಅಂಗೈಯಿಂದ ಒತ್ತಿ ರೋಲರ್‌ಗಳ ಸಂದಿಯಿಂದ ಹೊರಬರುವವರೆಗೆ ತುಂಬಿ. ಹಬ್ ತಿರುಗಿಸುತ್ತಲೇ ನಟ್ಟನ್ನು ಹಗುರವಾಗಿ ಬಿಗಿಯಿರಿ, ಮ್ಯಾನುಯಲ್ ಹೇಳುವುದು 5 ಪೌಂಡ್ ಅಡಿ ಅಷ್ಟೇ. ನಂತರ ನಟ್ಟಿನ ಒಂದು ಮುಖದಷ್ಟು ಸಡಿಲಿಸಿ ಸ್ಪ್ಲಿಟ್ ಪಿನ್ ಹಾಕಿ. ಚಕ್ರದಲ್ಲಿ ಕೈಗೆ ಗೊತ್ತಾಗುವಷ್ಟು ಸಣ್ಣ ಪ್ಲೇ ಉಳಿಯಬೇಕು. ಟೇಪರ್ ಬೇರಿಂಗನ್ನು ಪೂರ್ತಿ ಬಿಗಿದರೆ ಬಿಸಿಯಾಗಿ ಸುಟ್ಟುಹೋಗುತ್ತದೆ.

ಇಲ್ಲಿಯವರೆಗೆ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೈ ಬಿಗಿಯಷ್ಟೇ ಮಾಡಿರಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿ ಇಳಿಸಿ, ಹಿಂದೆ ಮುಂದೆ ತಳ್ಳಿ, ಬಂಪರ್ ಒತ್ತಿ ಬಿಟ್ಟು ಕೂರಿಸಿ. ಎರಡು ಸೀಟಿನಲ್ಲೂ 25 ಕಿಲೋದ ಅಕ್ಕಿ ಮೂಟೆ ಮೂರು ಮೂರು ಇಟ್ಟು, ಆಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಗ್ಯಾರೇಜಿನಲ್ಲಿ ಮಾಡಿಸುವಾಗ ತಪ್ಪದೆ ಕೇಳಬೇಕಾದ ಪ್ರಶ್ನೆ ಇದು. ಬಹಳ ಕಡೆ ಗಾಡಿ ಲಿಫ್ಟ್ ಮೇಲಿರುವಾಗಲೇ ಎಲ್ಲ ಬಿಗಿದು ಮುಗಿಸುತ್ತಾರೆ.

ಅಲೈನ್‌ಮೆಂಟ್ ಮತ್ತು ಆಮೇಲೆ

ಅಕ್ಕಿ ಮೂಟೆ ಇದ್ದಂತೆಯೇ ವಾಲು ನೋಡಿ. ಒಂದು ಆರ್ಮ್‌ನ ಎರಡೂ ಬ್ರಾಕೆಟ್‌ಗೆ ಸಮನಾಗಿ ಶಿಮ್ ಸೇರಿಸಿದರೆ ಚಕ್ರದ ಬುಡ ಹೊರಕ್ಕೆ ಬರುತ್ತದೆ, ತೆಗೆದರೆ ಒಳಕ್ಕೆ ಹೋಗುತ್ತದೆ. ಒಂದೇ ಬ್ರಾಕೆಟ್‌ಗೆ ಸೇರಿಸಿದರೆ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಕಂಬ ವಾಲಿರುವ ಕೋನ, ಬದಲಾಗುತ್ತದೆ. ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಗಾಡಿಯ ಹೆಸರು ಇಲ್ಲದಿದ್ದರೆ ಹುಡುಗರು ಯಾವುದೋ ಹತ್ತಿರದ ಮಾಡೆಲ್ ಆಯ್ದುಬಿಡುತ್ತಾರೆ. ಮ್ಯಾನುಯಲ್‌ನ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದಕ್ಕೇ ಹೊಂದಿಸಿ ಎಂದು ನಿಂತು ಮಾಡಿಸಿ. ಟೋ ಇನ್ (ಎರಡೂ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) ಹೊಂದಿಸುವಾಗ ಎರಡೂ ಟೈ ರಾಡ್ ಸಮನಾಗಿ ತಿರುಗಿಸಿದರೆ ಸ್ಟಿಯರಿಂಗ್ ಚಕ್ರ ನೇರ ಉಳಿಯುತ್ತದೆ.

ಮೊದಲ ಓಟ ಭಾನುವಾರ ಬೆಳಿಗ್ಗೆ, ಮನೆಯ ಸುತ್ತಮುತ್ತ ನಿಧಾನವಾಗಿ. ಹಂಪಿನ ಮೇಲೆ ಟಕ್ ಎಂದರೆ ಯಾವುದೋ ಬೋಲ್ಟ್ ಬಿಗಿಯಿಲ್ಲ. ಬ್ರೇಕ್ ಹಿಡಿದಾಗ ಒಂದು ಕಡೆ ಎಳೆದರೆ ಶಿಮ್ ಅದಲುಬದಲಾಗಿರಬಹುದು, ಕ್ಯಾಲಿಪರ್ ಕೂಡ ನೋಡಿ. ವಾಪಸ್ ಬಂದು ಹಬ್ ಮುಟ್ಟಿ, ಎರಡೂ ಒಂದೇ ಸಮ ಬೆಚ್ಚಗಿರಬೇಕು. 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.

ಟ್ರನಿಯನ್ ಎಣ್ಣೆಗೆ ಕಿಲೋಮೀಟರ್ ಲೆಕ್ಕಕ್ಕಿಂತ ಮಳೆಯ ಲೆಕ್ಕ ಇಟ್ಟುಕೊಳ್ಳುವುದು ನಮ್ಮ ಊರಿಗೆ ಸರಿ. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ನವೆಂಬರ್‌ನಲ್ಲಿ ಮಳೆ ಮುಗಿದ ಮೇಲೆ ಒಮ್ಮೆ. ಅಂಡರ್‌ಪಾಸ್‌ನಲ್ಲಿ ಹಬ್ ಮುಳುಗುವಷ್ಟು ನೀರು ದಾಟಿದ್ದರೆ ಮಾರನೆಯ ದಿನವೇ. ಚಕ್ರ ಎತ್ತಿ, ಟ್ರನಿಯನ್‌ನ ಎಣ್ಣೆ ತೂತಿಗಿರುವ ಮುಚ್ಚಳದ ಬೋಲ್ಟ್ ತೆಗೆದು ಆ ಜಾಗಕ್ಕೆ ಗನ್ನಿನ ಬಾಯಿ ಕಚ್ಚುವ ನಿಪ್ಪಲ್ ಹಾಕಿ, ಸ್ಟಿಯರಿಂಗ್ ಎಡ ಬಲ ತಿರುಗಿಸುತ್ತ ಮೇಲಿನ ಸೀಲ್‌ನಿಂದ ಹೊಸ ಎಣ್ಣೆ ಇಣುಕುವವರೆಗೆ ಒತ್ತಬೇಕು. ಇದಕ್ಕೆಂದೇ ಗ್ರೀಸ್ ಗನ್ ಒಂದನ್ನು ಬೇರೆ ಇಟ್ಟು, ಇಪಿ 90 ಎಣ್ಣೆ ತುಂಬಿ, ಮೇಲೆ ಪೇಂಟಿನಲ್ಲಿ "ಎಣ್ಣೆ ಮಾತ್ರ" ಎಂದು ಬರೆದಿಡಿ. ಎಣ್ಣೆ ತುಂಬಿದ ಗನ್ ಸೋರುವುದು ಸಹಜ, ಕೆಳಗೊಂದು ತಟ್ಟೆ ಇರಲಿ. ಸರ್ವಿಸ್‌ಗೆ ಬೇರೆಯವರ ಕೈಗೆ ಗಾಡಿ ಕೊಡುವಾಗ ನಿಪ್ಪಲ್ ಬಿಚ್ಚಿ ಮುಚ್ಚಳದ ಬೋಲ್ಟನ್ನೇ ಹಾಕಿ ಕೊಡಿ. ನಿಪ್ಪಲ್ ಕಾಣದಿದ್ದರೆ ಗ್ರೀಸ್ ಹೊಡೆಯಲು ಯಾರಿಗೂ ಮನಸ್ಸಾಗುವುದಿಲ್ಲ.